ಯಾರ ಲೆಕ್ಕಕ್ಕೂ ಸಿಗದ ನಾಸ್ತಿಕ

ಟೈಲರ್ ಚಿಕ್ಕಸ್ವಾಮಿ ನಾಸ್ತಿಕನೋ ಅಲ್ಲವೋ ಎಂದು ತೀರ್ಪು ಕೊಡಲು ಎಲ್ಲರೂ ತುದಿಗಾಲಲ್ಲಿ ನಿಂತಿದ್ದರು. ಅವನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ನಾನು ಪಕ್ಕದ ಮನೆಯವಳು. ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ನಮ್ಮದು ಕವಲಂದೆ ಹತ್ತಿರದ ಸಣ್ಣ ಹಳ್ಳಿ, ಲಿಂಗಾಯತರ ಬೀದಿ. ಬದುಕಿರುವಷ್ಟು ದಿನ ಕೊರಳಲ್ಲಿರುವ ಲಿಂಗವನ್ನು ಸತ್ತಾಗ ಅಂಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಮಗಳು ಜ್ವರದಲ್ಲಿ ತೀರಿಕೊಂಡ ವರ್ಷ ಚಿಕ್ಕಸ್ವಾಮಣ್ಣ ಲಿಂಗ ಬಿಚ್ಚಿಟ್ಟ. ಜಗಳವಿಲ್ಲ, ಭಾಷಣವಿಲ್ಲ. ನಂಬಿಕೆ ಹೋಯಿತು, ಅಷ್ಟೇ ಎಂದ. ಅಂದಿನಿಂದ ಮದುವೆ ಊಟಕ್ಕೆ ಕೂತರೆ ಅವನ ಪಕ್ಕದ ಎಲೆ ಖಾಲಿ.

ಮಾತಿಗೆ ಅವನಿಗಿದ್ದದ್ದು ತಿ. ನರಸೀಪುರದ ಒಂದು ವಿಚಾರ ಬಳಗ. ತಿಂಗಳಿಗೊಮ್ಮೆ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದ. ಅಲ್ಲಿನ ನಿವೃತ್ತ ಮೇಷ್ಟ್ರು ಚಂದ್ರಶೇಖರ್ ಪ್ರಕಾರ, ದೇವರಿಲ್ಲ ಎಂದು ಸಾರುವವನೇ ನಾಸ್ತಿಕ. ಇವನ ಪ್ರಕಾರ ನಂಬಿಕೆ ಇಲ್ಲದಿದ್ದರೆ ಸಾಕು. ಗೊತ್ತಿಲ್ಲದ್ದನ್ನು ಸಾರುವುದು ಹೇಗೆ? ಪ್ರತಿ ಸಲವೂ ಇದೇ ಕಿತ್ತಾಟ. ಆದರೂ ವಾಪಸು ಬಂದವನ ಮುಖ ತವರಿಗೆ ಹೋಗಿ ಬಂದವರ ಹಾಗಿರುತ್ತಿತ್ತು.

ಆಮೇಲೆ ಅವನ ಹೆಂಡತಿ ಗೌರಕ್ಕನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಲಿಂಗಪೂಜೆಯಾಗದೆ ತುತ್ತು ಮುಟ್ಟುವ ಹೆಂಗಸಲ್ಲ ಆಕೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುವಳು. ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸುವ ಕೈ ಚಿಕ್ಕಸ್ವಾಮಣ್ಣನದು. ಗೌರಕ್ಕನಿಗೆ ಸ್ನಾನ ಮಾಡಿಸಲು ಹೋಗುತ್ತಿದ್ದ ನಾನು ದಿನವೂ ನೋಡುತ್ತಿದ್ದೆ. ಅವನ ತುಟಿ ಅಲುಗುತ್ತಿರಲಿಲ್ಲ.

ಹೀಗೇ ಒಂದು ಬೆಳಿಗ್ಗೆ ಚಂದ್ರಶೇಖರ್ ಕಾಯಿಲೆಯವಳನ್ನು ವಿಚಾರಿಸಲು ಬಂದವರು ಬಾಗಿಲಲ್ಲೇ ನಿಂತರು.

"ದೇವರಿಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಲಿಂಗ ತೊಳೆಯೋಕೆ ಕೈ ಬಂತು. ನೀವು ನಾಸ್ತಿಕರಲ್ಲ ಕಣ್ರೀ."

"ಇರ್ಬೌದು ಸಾ. ಅವ್ಳು ಅಸ್ಕಂಡು ಕೂತವ್ಳೆ," ಎಂದು ಚಿಕ್ಕಸ್ವಾಮಣ್ಣ ಪತ್ರೆ ಎತ್ತಿಕೊಂಡ.

ಮೇಷ್ಟ್ರು ನೀರೂ ಕುಡಿಯದೆ ಹೋದರು. ಮುಂದಿನ ತಿಂಗಳು ಬಳಗದಿಂದ ಸಭೆಗೆ ಕರೆಯುವ ಫೋನು ಬರಲಿಲ್ಲ, ಆಮೇಲೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಓದಿದವರಂತೆ, ಓದಿದವರು!

ಇತ್ತ ಊರ ಯಜಮಾನ ನಂಜುಂಡೇಶನಿಗೆ ಖುಷಿಯೋ ಖುಷಿ. ಚಿಕ್ಕಸ್ವಾಮಿ ದಾರಿಗೆ ಬಂದ ಎಂದು ಹೇಳಿಕೊಂಡು ತಿರುಗಿದ. ಮನೆಗೇ ಬಂದು, ಲಿಂಗ ಕಟ್ಟಿಕೊಂಡರೆ ನಾಳೆ ಸತ್ತಾಗ ನಮ್ಮ ರುದ್ರಭೂಮಿಯಲ್ಲಿ ಹೆಂಡತಿಯ ಪಕ್ಕದ ಜಾಗ ನಿನಗೇ, ಇಲ್ಲದಿದ್ದರೆ ಬೇಲಿಯಾಚೆ ಎಂದ.

ಆ ಮಾತು ಅವನನ್ನು ಕೊರೆಯಿತು. ಆಕೆಯ ಪಕ್ಕ ಇರಬೇಕೆಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ಒಂದು ದಿನ ನಾನು ಹೋದಾಗ ತನ್ನ ಹಳೇ ಲಿಂಗ ಹುಡುಕಿ ತೆಗೆದು, ಹೊಸ ದಾರ ಪೋಣಿಸುತ್ತಿದ್ದ. ಗೌರಕ್ಕ ನೋಡಿದಳು. ತೊದಲುತ್ತಲೇ ಹೇಳಿದಳು:

"ನನ್ಗೋಸ್ಕರ ಕಟ್ಕಬ್ಯಾಡಿ. ಸುಳ್ಳು ಕಟ್ಕಂಡು ಪಕ್ಕದಲ್ಲಿ ಕೂರೋದ್ಕಿಂತ ದೂರಾನೇ ಇರಿ. ನಿಮ್ಮ ನಂಬಿದ್ದೀನಿ ನಾನು."

ಅವನು ದಾರ ಬಿಟ್ಟು ಮುಖ ಮುಚ್ಚಿಕೊಂಡು ಅತ್ತ.

ಗೌರಕ್ಕ ತೀರಿಹೋದ ಮೇಲೆ ಯಜಮಾನ ಮತ್ತೆ ಕೇಳಿದ. ಚಿಕ್ಕಸ್ವಾಮಣ್ಣ ಆಗಲ್ಲ ಎಂದ. ಹೋದ ತಿಂಗಳು ಮೇಲಿನ ಮನೆಯ ಮಂಚಮ್ಮಜ್ಜಿ ತೀರಿಕೊಂಡಾಗ ಗೌರಕ್ಕನ ಪಕ್ಕದಲ್ಲೇ ಗುಂಡಿ ತೋಡಿದರು. ಚಿಕ್ಕಸ್ವಾಮಣ್ಣನೂ ಬಂದಿದ್ದ. ಎಲ್ಲರದೂ ಆದಮೇಲೆ ಮುಂದೆ ಹೋಗಿ, ಆ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬಂದ.