ಕುಂಬಾರರ ಅವ್ವ ಲಾರಿ ಹತ್ತಿದ ದಿನ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನಾನು ಹಾನಗಲ್ಲಿನ ಒಬ್ಬ ಮಾಲಕರ ಲಾರಿ ಹೊಡೆಯುತ್ತಿದ್ದೆ. ಅಕ್ಕಿಆಲೂರಿನ ಗಿರಣಿಯಿಂದ ಅಕ್ಕಿ ಚೀಲ ಹೇರಿಕೊಂಡು ಹಾವೇರಿ ಸ್ಟೇಷನ್ನಿಗೆ ಮುಟ್ಟಿಸುವುದು, ಖಾಲಿ ಗಾಡಿ ತಿರುಗಿ ತರುವುದು, ಇದೇ ಕೆಲಸ. ಗಿರಣಿಯ ಬಾಗಿಲಿಗೆ ಯಾವ ಲಾರಿ ಮೊದಲು ಬಂದು ನಿಲ್ಲುತ್ತದೋ ಅದಕ್ಕೆ ಮೊದಲ ಪಾಳಿ. ಎರಡನೆಯದಕ್ಕೆ ಚೀಲ ಬೀಳುವಷ್ಟರಲ್ಲಿ ಮಧ್ಯಾಹ್ನ ದಾಟುತ್ತಿತ್ತು. ಹೀಗಾಗಿ ನನಗೂ ಇನ್ನೊಂದು ಲಾರಿಯ ಡ್ರೈವರನಿಗೂ ದಿನಾ ಪೈಪೋಟಿ. ಅವನು ಸವಣೂರಿನವನು, ನನಗಿಂತ ಹತ್ತು ವರ್ಷ ಹಿರಿಯ. ಅವನನ್ನು ಹಿಂದೆ ಹಾಕಿದ ದಿನ ನನಗೆ ಊಟ ಹೆಚ್ಚು ರುಚಿಸುತ್ತಿತ್ತು.

ಅವತ್ತು ಅಕ್ಕಿಆಲೂರಿನ ಸಂತೆ. ಊರು ಇನ್ನೂ ಎರಡು ಮೈಲು ಇರುವಾಗ ಒಂದು ಸಣ್ಣ ಹಳ್ಳಿಯ ಹತ್ತಿರ ಅವನನ್ನು ದಾಟಿ ಮುಂದಾದೆ. ರಸ್ತೆಯ ಅಂಚಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ತಲೆಯ ಮೇಲೆ ಮಡಿಕೆಯ ಬುಟ್ಟಿ ಹೊತ್ತು ಹೋಗುತ್ತಿದ್ದಳು. ನನಗೆ ಕಂಡಿದ್ದು ಬೆನ್ನು ಮಾತ್ರ. ಹಾರ್ನ್ ಒತ್ತಿದೆ. ಆಕೆ ಗಾಬರಿಯಾಗಿ ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ ಇಟ್ಟು ಪಕ್ಕದ ತಗ್ಗಿಗೆ ಬಿದ್ದಳು. ಗಾಡಿ ಆಕೆಗೆ ತಾಗಲಿಲ್ಲ. ಆದರೆ ಇಂಜಿನ್ನಿನ ಗದ್ದಲದಲ್ಲೂ ಮಡಿಕೆ ಒಡೆದದ್ದು ನನಗೆ ಕೇಳಿಸಿತು.

ನಾನು ನಿಲ್ಲಿಸಲಿಲ್ಲ. ಒಡೆದಿದ್ದು ಮಡಿಕೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡು ಗಿರಣಿ ಮುಟ್ಟಿದೆ, ಮೊದಲ ಪಾಳಿ ಹಿಡಿದೆ, ಚಹಾ ಕುಡಿದೆ. ಚಹಾ ಗಂಟಲಲ್ಲಿ ಇಳಿಯಲಿಲ್ಲ ಎಂದು ಈಗ ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ.

ಸವಣೂರಿನವನು ಬಹಳ ಹೊತ್ತಿನ ಮೇಲೆ ಬಂದ. ಇಳಿದವನೇ ನನ್ನ ಹತ್ತಿರ ಬಂದು, "ಆ ಮುದುಕಿ ಕೈ ಮುರದೈತಿ. ನಾ ಎತ್ತಿ ಮನಿ ಮುಟ್ಟಿಸಿ ಬಂದೆ. ನೀ ನಿಂದರಬೇಕಿತ್ತು," ಎಂದ. ಅವನು ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಚೀಲ ಹೇರಿಕೊಂಡು ಅದೇ ರಸ್ತೆಯಲ್ಲಿ ಹೊರಟೆ. ಆ ಹಳ್ಳಿಯವರು ರಸ್ತೆಗೆ ಅಡ್ಡ ಎರಡು ಚಕ್ಕಡಿ ನಿಲ್ಲಿಸಿದ್ದರು. ಒಬ್ಬ ನನ್ನ ಅಂಗಿ ಹಿಡಿದು ಇಳಿಸಿದ. ಅಷ್ಟರಲ್ಲಿ ಊರಿನ ಗೌಡರು ಬಂದು, "ಹೊಡೀಬ್ಯಾಡ್ರಿ, ಮೊದಲ ಮಾತು ಕೇಳೂಣು," ಎಂದರು. ಮುಂಜಾನೆ ಬಿದ್ದ ಆ ಹೆಂಗಸು, ಕುಂಬಾರರ ಅವ್ವ, ಊರ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಎಲುಬು ಕಟ್ಟುವವನು ಬಂದು ಬಲಗೈಗೆ ಬಿದಿರಿನ ದಬ್ಬೆ ಇಟ್ಟು ಬಿಗಿದಿದ್ದ.

"ಯಾಕ ನಿಂದರಲಿಲ್ಲ?" ಗೌಡರು ಕೇಳಿದರು.

"ತಪ್ಪಾತ್ರಿ ಗೌಡ್ರ," ಎಂದೆ.

ಮಾತು ಬೇಗ ನನ್ನನ್ನು ಬಿಟ್ಟು ಲಾರಿಯ ಮೇಲೆ ಹೋಯಿತು. ನಮ್ಮ ಊರ ಹದ್ದಿನೊಳಗೆ ಎತ್ತಿನ ಗಾಡಿಗಿಂತ ಜೋರು ಹೋಗಬಾರದು ಎಂದ ಒಬ್ಬ. "ಹಂಗಾದ್ರ ಲಾರಿ ಯಾಕ ಬೇಕು? ನಮ್ಮ ಅಕ್ಕಿನೂ ಅದರಾಗ ಹೋಗ್ತೈತಲ್ಲ," ಎಂದ ಇನ್ನೊಬ್ಬ. ಯಾರಿಗೂ ಯಾರದೂ ಒಪ್ಪಿಗೆಯಾಗಲಿಲ್ಲ. ಕಡೆಗೆ ಗೌಡರು ಆಕೆಯ ಕಡೆ ತಿರುಗಿದರು. "ನೀನ ಹೇಳಬೇ. ಎಷ್ಟು ಜೋರು ಹೋಗಬೇಕು?"

"ನಾ ಎಂದರ ಅದರಾಗ ಕುಂತೇನೇನ್ರಿ? ಕುಂತು ನೋಡಿ ಹೇಳ್ತೇನಿ," ಎಂದಳು.

ಕೆಲವರು ನಕ್ಕರು. ಆಕೆ ನಗಲಿಲ್ಲ. ಇಬ್ಬರು ಎತ್ತಿ ನನ್ನ ಪಕ್ಕ ಕೂರಿಸಿದರು. ಚಕ್ಕಡಿ ಸರಿಸಿದರು.

ನಾನು ಎತ್ತು ನಡೆಯುವಷ್ಟು ಸಾವಕಾಶ ಬಿಟ್ಟೆ.

"ಹಿಂಗ ಹೋದ್ರ ನಾನ ಇಳಿದು ನಡೀತೇನಿ. ಇನ್ನೂ ಬಿಡು," ಎಂದಳು.

ತಾಸಿಗೆ ಇಪ್ಪತ್ತು ಮೈಲಿಗೆ ತಂದೆ. ಎಡಗೈಯಿಂದ ಸೀಟಿನ ಅಂಚು ಹಿಡಿದು ಕೂತಳು. ಗಾಳಿಗೆ ಸೆರಗು ಹಾರುತ್ತಿತ್ತು. ಆಕೆಗೆ ಖುಷಿಯಾಗಿದೆ ಎಂದು ನನಗೆ ಗೊತ್ತಾಯಿತು, ನಾನು ನೋಡಿದ್ದು ಆಕೆಗೂ ಗೊತ್ತಾಯಿತು.

"ಮುಂಜಾನೆ ಹೆಂಗ ಬಂದಿದ್ದಿ? ಹಂಗ ಬಿಡು."

"ಬ್ಯಾಡಬೇ ಯವ್ವಾ."

"ಬಿಡು ಅಂದೆ."

ಮುಂದೆ ಇಳಿಜಾರು. ಬಿಟ್ಟೆ. ಎದುರಿನಿಂದ ಒಬ್ಬ ಹುಲ್ಲಿನ ಹೊರೆ ಹೊತ್ತು ಬಂದ, ರಸ್ತೆ ಬಿಟ್ಟು ಹೊಲಕ್ಕೆ ಇಳಿದ, ಹಿಂದಾದ.

"ಯಾರಿದ್ದ ಅಂವ?" ಆಕೆ ಕೇಳಿದಳು.

"ಗೊತ್ತಾಗಲಿಲ್ಲ."

"ನನಗೂ ಆಗಲಿಲ್ಲ ನೋಡು. ನಮ್ಮೂರಾಂವನ ಇದ್ದಾನು." ಹಿಂದೆ ಹೊರಳಿ ನೋಡಿ ಹೇಳಿದಳು, "ಎದುರಿಗೆ ಬರೂವರ ಮುಖ ಕಾಣಬೇಕು, ಅಷ್ಟ ಜೋರು ಹೋಗು. ಬೆನ್ನು ಕಂಡ್ರ, ಅವರು ಹೊಳ್ಳಿ ನಿನ್ನ ನೋಡೂತನಕ ಸಾವಕಾಶ ಬಾ."

ಗಾಡಿ ತಿರುಗಿಸಿದೆ. ದಾರಿಯಲ್ಲಿ, ಇಷ್ಟು ಅವಸರ ಯಾಕಿತ್ತು ಎಂದು ಕೇಳಿದಳು. ಗಿರಣಿಯ ಪಾಳಿಯ ಸಂಗತಿ ಹೇಳಿದೆ. ಕಟ್ಟೆಯ ಹತ್ತಿರ ಇಳಿದು ಆಕೆ ಗೌಡರಿಗೆ ಎರಡೂ ಹೇಳಿದಳು. ಮುಖ ಕಾಣುವ ಮಾತು ಎಲ್ಲರಿಗೂ ಹಿಡಿಸಿತು. ಪಾಳಿಯ ಮಾತು ಮುಗಿಸುವಾಗ ಆಕೆ, "ಮೂಗುದಾಣ ಲಾರಿಗಲ್ರಿ, ಗಿರಣಿಗೆ ಹಾಕಬೇಕು," ಎಂದಳು.

ಮರುದಿನ ಗೌಡರು ನಮ್ಮಿಬ್ಬರು ಡ್ರೈವರುಗಳನ್ನೂ ಕರೆದುಕೊಂಡು ಗಿರಣಿಗೆ ಹೋದರು. ಅಲ್ಲಿ ಲೆಕ್ಕ ಬರೆಯುವ ದಿವಾಣಜಿ, ಇದು ಗಿರಣಿಯ ಒಳಗಿನ ಕಾರಭಾರ, ಹೊರಗಿನವರಿಗೆ ಸಂಬಂಧವಿಲ್ಲ ಎಂದರು. "ಭತ್ತ ಹೊರಗಿಂದ ಬರ್ತೈತಲ್ರಿ," ಎಂದರು ಗೌಡರು. ದಿವಾಣಜಿ ಒಳಗೆ ಹೋಗಿ ಮಾಲಕರನ್ನು ಕೇಳಿ ಬಂದರು. ಆವತ್ತಿನಿಂದ ಒಂದು ದಿನ ನನಗೆ ಮೊದಲ ಪಾಳಿ, ಮಾರನೆಯ ದಿನ ಸವಣೂರಿನವನಿಗೆ. ಯಾರು ಎಷ್ಟು ಜೋರು ಬಂದರೂ ಅದು ಬದಲಾಗುತ್ತಿರಲಿಲ್ಲ. ಇಬ್ಬರೂ ಒಂದೇ ಕಡೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚುವ ರೂಢಿಯೂ ಹತ್ತಿತು.

ಹಸಿ ಮಡಿಕೆ ತಟ್ಟುವುದು ಆ ಅವ್ವನ ಕೆಲಸವಾಗಿತ್ತು. ಮೂರು ತಿಂಗಳು ಅದು ಆಕೆಯ ಕೈಲಿ ಆಗಲಿಲ್ಲ, ಸೊಸೆ ತಟ್ಟಿದಳು. ಸಂತೆಯ ದಿನ ಅವರ ಮಡಿಕೆಗಳನ್ನು ಖಾಲಿ ಲಾರಿಯಲ್ಲಿ ಹುಲ್ಲು ಹಾಸಿ ನಾನೇ ಒಯ್ಯುತ್ತಿದ್ದೆ. ಕಟ್ಟೆಯ ಮೇಲೆ ಗೌಡರಿಗೆ ತಪ್ಪಾಯಿತು ಎಂದಿದ್ದೆ, ಆಕೆಗೆ ಹೇಳಿರಲಿಲ್ಲ. ಮೂರು ಸಂತೆ ಹಾಗೇ ಹೋದವು. ನಾಲ್ಕನೆಯ ಸಂತೆಗೆ ಹೇಳಿದೆ.

"ಮಡಿಕಿ ಒಡದಿದ್ದು ಕೇಳಿತ್ತೇನು?" ಎಂದಳು.

"ಕೇಳಿತ್ತು."

ಆಕೆ ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ದೊಡ್ಡವು ತಳಕ್ಕ ಇಡು, ಸಣ್ಣವು ಮ್ಯಾಲ," ಎಂದಳು. ಮುಂದೆ ಕೈ ಕೂಡಿತು, ಆದರೆ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಉಳಿಯಿತು.

ಯುದ್ಧ ಬಂದು ಪೆಟ್ರೋಲ್ ಸಿಗದಾದಾಗ ಮಾಲಕರು ಲಾರಿ ಮಾರಿದರು. ಸವಣೂರಿನವನೇ ನನ್ನನ್ನು ತನ್ನೂರಿಗೆ ಕರೆದು, ಎಲೆ ವ್ಯಾಪಾರಿಯೊಬ್ಬರ ಹತ್ತಿರ ಕೆಲಸ ಕೊಡಿಸಿದ. ಪೆಟ್ರೋಲ್ ಬದಲು ಇದ್ದಿಲು ಉರಿಸಿದ ಗ್ಯಾಸಿನಿಂದ ಓಡುವ ಗಾಡಿ ಅವರದು. ಶಿಗ್ಗಾಂವಿಯ ಕಡೆಗೆ ವೀಳ್ಯದೆಲೆ ಒಯ್ಯಬೇಕು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಎಲೆ ಬಾಡುತ್ತದೆ, ಜೋರು ಹೊಡಿ ಎಂದು ವ್ಯಾಪಾರಿ ಗದರುತ್ತಿದ್ದರು. "ಜೋರು ಆಗೂದಿಲ್ರಿ, ಒಂದು ತಾಸು ಮೊದಲ ಹೇರ್ರಿ," ಎಂದೆ. ಎಂಟು ದಿನ ಒಪ್ಪಲಿಲ್ಲ. ಒಂಬತ್ತನೆಯ ದಿನ ನಾನು ಹೋಗುವಷ್ಟರಲ್ಲಿ ಎಲೆಯ ಪೆಂಡಿಗಳು ಒದ್ದೆ ಬಟ್ಟೆ ಹೊದ್ದು ಬಾಗಿಲಲ್ಲೇ ಸಾಲಾಗಿ ಕೂತಿದ್ದವು.