ಮೇಲಿನ ಗೆರೆ, ಮೊದಲನೇ ತಂತಿ

ಚಂದನಾ, ತೇಜು,

ನಾನು ಟಿಬೆಟಿನವರ ಕ್ಯಾಂಪಿಗೆ ಬಂದ ದಿನ ಅವರು ಕೊಟ್ಟ ಟೀಯಲ್ಲಿ ಉಪ್ಪಿತ್ತು. ಮೇಲೆ ಬೆಣ್ಣೆ ತೇಲುತ್ತಿತ್ತು. ಯಾರೋ ಸಕ್ಕರೆ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಾರೆ ಎಂದುಕೊಂಡೆ. ಹೇಳಿದರೆ ಅವರಿಗೆ ಬೇಜಾರಾದೀತು ಎಂದು ಸುಮ್ಮನೆ ಕುಡಿದೆ. ಲೋಟ ಕೆಳಗಿಟ್ಟ ಕೂಡಲೇ ಮತ್ತೆ ತುಂಬಿಸಿದರು. ಅದನ್ನೂ ಕುಡಿದೆ. ಮತ್ತೆ ತುಂಬಿಸಿದರು. ಅತಿಥಿಯ ಲೋಟ ಬರಿದಾಗಲು ಬಿಡಬಾರದು ಎಂಬುದು ಅವರ ಪದ್ಧತಿ. ಸಾಕಾದವರು ತುಂಬಿದ ಲೋಟವನ್ನು ಹಾಗೇ ಬಿಟ್ಟು ಏಳಬೇಕು. ನಮ್ಮಲ್ಲಿ ಕೊಟ್ಟದ್ದನ್ನು ಬಿಟ್ಟು ಏಳುವ ಹಾಗಿಲ್ಲ. ಹೀಗೆ ಆ ಸಂಜೆ ನಾನು ಎಷ್ಟು ಲೋಟ ಕುಡಿದೆನೋ ನನಗೇ ಗೊತ್ತಿಲ್ಲ.

ನಮ್ಮೂರು ಹಾರನಹಳ್ಳಿ ಹತ್ತಿರ. ಅಲ್ಲಿಂದ ಹುಣಸೂರಿನಲ್ಲಿ ಬಸ್ಸು ಬದಲಿಸಿದರೆ ಗುರುಪುರ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಗುರುಪುರ ದಾಟಿ ಟಿಬೆಟಿನವರ ಕ್ಯಾಂಪಿನಲ್ಲಿ ಇಳಿದರೆ ಬೇರೆ ದೇಶ. ಮರದಿಂದ ಮರಕ್ಕೆ ಹಗ್ಗ ಕಟ್ಟಿ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಇಳಿಬಿಟ್ಟಿದ್ದರು. ಒಗೆದು ಒಣಗಹಾಕಿದ್ದಾರೆ ಎಂದುಕೊಂಡಿದ್ದೆ. ಮೋಡ ಕವಿದಾಗ ಯಾರೂ ಎದ್ದು ಬರದಿದ್ದುದನ್ನು ನೋಡಿ ನಾನೇ ತೆಗೆಯಲು ಹೋದೆ.

"ಬುಡು ತಾಯಿ, ಅದು ನೆನೀಲಿ. ಅದ್ರ ಮೇಲೆ ಮಂತ್ರ ಬರ್ದವ್ರೆ, ಗಾಳಿಗೆ ಓಯ್ತದೆ" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿ ನೋಡಿದರೆ ಉದ್ದ ಅಂಗಿ ತೊಟ್ಟು, ಎರಡು ಜಡೆ ಹಾಕಿಕೊಂಡ ಮುದುಕಿ. ಮುಖ ಅವರದು, ಮಾತು ಹುಣಸೂರು ಸಂತೆಯದು. ಅವರು ನನ್ನ ಪಕ್ಕದ ಕೋಣೆಯವರು. ಎಲ್ಲರೂ ಅವರನ್ನು ಮೋಲಾ ಎನ್ನುತ್ತಿದ್ದರು. ಹಾಗೆಂದರೆ ಅಜ್ಜಿ. ಉಪ್ಪಿನ ಟೀ ವಿಷಯ ನಾನು ಬಾಯಿಬಿಟ್ಟು ಹೇಳಿದ್ದು ಅವರಿಗೊಬ್ಬರಿಗೇ, ಇಲ್ಲಿಯ ಟೀಯೇ ಹಾಗೆ ಎಂದು ತಿಳಿದದ್ದೂ ಅವರಿಂದಲೇ.

"ನಾವು ಬಂದಾಗ ಇಲ್ಲೆಲ್ಲ ಕಾಡು ಕಣವ್ವ, ಆನೆ ಬರಾದು. ನಿಮ್ಮೋರು ಬೆಲ್ಲದ ಕಾಫಿ ಕೊಟ್ರು. ನಂಗೆ ವಾಂತಿ ಆಗೋಯ್ತು" ಎಂದು ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು.

ನಾನು ಬಂದದ್ದು ಅಲ್ಲಿಯ ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ. ಮಾಂಸ ಬೇಯಿಸುವವರು ಬೇರೆ ಇದ್ದರು. ಅನ್ನ, ಬೇಳೆ, ಪಲ್ಯ, ಹಬೆಯಲ್ಲಿ ಬೇಯಿಸುವ ಟಿಂಗ್ಮೋ ಎಂಬ ಮೈದಾ ಉಂಡೆ, ಇಷ್ಟು ನನ್ನ ಕೆಲಸ. ಮಕ್ಕಳು ನನ್ನನ್ನು ಅಮಾಲಾ ಎಂದು ಕರೆದರು. ನಮ್ಮ ಕಡೆ 'ಲಾ' ಎನ್ನುವುದು ಜೊತೆಯವರಿಗೆ, ಕಿರಿಯರಿಗೆ. ಅವರಲ್ಲಿ ಅದು ಮರ್ಯಾದೆ, ಅಮಾಲಾ ಎಂದರೆ ಅಮ್ಮ ಎಂದು ತಿಳಿದದ್ದು ಆಮೇಲೆ. ಇಷ್ಟು ಸಣ್ಣ ಹುಡುಗರು ಹೀಗೆ ಕರೆಯುತ್ತಾರಲ್ಲ ಎಂದು ಕೆಲವು ದಿನ ಮುಖ ಗಂಟು ಹಾಕಿಕೊಂಡು ಬಡಿಸಿದ್ದೆ.

ನಿಮ್ಮ ತಾತನನ್ನು ನೀವು ನೋಡಿಲ್ಲ. ಎದೆನೋವು ಎಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ನನಗೆ ಅಳು ಬರಲಿಲ್ಲ. ಬಂದವರು ಅತ್ತರು. ನಾನು ಅವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತಾ ಕೂತಿದ್ದೆ. ನಿಮ್ಮಮ್ಮ ಮಂಜುಳಾ ಕೃಷ್ಣರಾಜನಗರಕ್ಕೆ ಬಂದಿರು ಎಂದು ಕರೆದಳು. ಅಳಿಯನ ಮನೆಯಲ್ಲಿ ಹೋಗಿ ಉಳಿಯಲು ನಾಚಿಕೆಯಾಯಿತು. ಮೈದುನನ ಮನೆಯಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಹಾಗಾಗಿ ಯಾರೋ ಹೇಳಿದ ಕೆಲಸಕ್ಕೆ ಹ್ಞೂಂ ಎಂದೆ. ಬೇರೆ ಕಾರಣವಿಲ್ಲ.

ತಾತನಿಗೆ ಒಂದು ಅಭ್ಯಾಸವಿತ್ತು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವಾಗ ಮೂಗಿನಲ್ಲೇ ಒಂದು ಧಾಟಿ ಗುನುಗುತ್ತಿದ್ದರು. ಅದಕ್ಕೆ ಮಾತಿಲ್ಲ. ಯಾವ ಹಾಡಿನದೂ ಅಲ್ಲ. ಕೇಳಿದರೆ "ನಾನೆಲ್ಲಿ ಆಡ್ದೆ?" ಎನ್ನುತ್ತಿದ್ದರು. ನಮ್ಮ ಮದುವೆಯ ಫೋಟೋ ಇದೆ, ಅವರ ಅಂಗಿ ಇದೆ. ದನಿ ಎಂದರೆ ಆ ಧಾಟಿ ಒಂದೇ. ಅದೂ ಹೋಗುತ್ತಾ ಇದೆ ಎಂದು ನನಗೆ ತಿಳಿದದ್ದು ಕ್ಯಾಂಪಿನಲ್ಲಿ.

ಹಾಸ್ಟೆಲಿನ ವಾರ್ಡನ್ ಪೇಮಾ, ಮೂವತ್ತರ ಆಸುಪಾಸಿನ ಹೆಂಗಸು. ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದರು. ಒಂದು ದಿನ ನಾನು ಮೈದಾ ನಾದುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಅಮಾಲಾ, ಏನು ಹಾಡು ಅದು?"

"ನಾನು ಹಾಡಿದ್ನಾ?"

"ಹ್ಞೂಂ. ಮೂಗಲ್ಲಿ. ಇನ್ನೊಂದು ಸಲ ಹಾಡಿ."

ಬರಲಿಲ್ಲ. ಕೈಗೆ ನೆನಪಿದ್ದದ್ದು ಬಾಯಿಗೆ ನೆನಪಿರಲಿಲ್ಲ. ಪೇಮಾ ಒಳಗೆ ಹೋಗಿ ಗಿಟಾರ್ ತಂದು, ತಡವರಿಸಿ ತಡವರಿಸಿ ಅದನ್ನು ಹಿಡಿದರು. ನಾನು ಕೈ ನಿಲ್ಲಿಸಿದೆ.

"ಇದೇನಾ?"

"ಹೌದು. ನಮ್ಮೆಜಮಾನ್ರು ಗುನುಗ್ತಿದ್ರು."

ಸಂಜೆ ಪೇಮಾ ಒಂದು ಹಾಳೆ ತಂದುಕೊಟ್ಟರು. ಉದ್ದಕ್ಕೆ ಆರು ಗೆರೆ, ಗೆರೆಗಳ ಮೇಲೆ ಅಲ್ಲಲ್ಲಿ ಅಂಕಿ. ಇದಕ್ಕೆ ಟ್ಯಾಬ್ ಎನ್ನುತ್ತಾರೆ. ಆರು ಗೆರೆ ಎಂದರೆ ಗಿಟಾರಿನ ಆರು ತಂತಿ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಲೋಹದ ಕಂಬಿಗಳಿರುತ್ತವೆ, ಅವುಗಳ ನಡುವಿನ ಜಾಗಕ್ಕೆ ನಾನು ಮನೆ ಎನ್ನುತ್ತೇನೆ. ಗೆರೆಯ ಮೇಲೆ ಮೂರು ಎಂದಿದ್ದರೆ ಆ ತಂತಿಯನ್ನು ಮೂರನೇ ಮನೆಯಲ್ಲಿ ಒತ್ತಿ ಮೀಟಬೇಕು. ಸೊನ್ನೆ ಇದ್ದರೆ ಎಲ್ಲೂ ಒತ್ತದೆ ಮೀಟಬೇಕು. ಎಡದಿಂದ ಬಲಕ್ಕೆ ಓದುತ್ತಾ ಹೋಗುವುದು. ಸರಿಗಮ ಬೇಡ, ಇಂಗ್ಲಿಷ್ ಬೇಡ, ಎಣಿಸಲು ಬಂದರೆ ಸಾಕು ಎಂದರು.

ಬೇಸಿಗೆಗೆ ಮುಂಚೆ ಪೇಮಾ ಅವರಿಗೆ ಉತ್ತರದಲ್ಲೆಲ್ಲೋ ದೂರದ ಶಾಲೆಗೆ ಕೆಲಸ ಬದಲಾಯಿತು. ಅಷ್ಟರಲ್ಲಿ ಆ ಧಾಟಿ ನನ್ನ ತಲೆಯಿಂದ ಪೂರ್ತಿ ಹೋಗಿತ್ತು. ನೆನೆಸಿಕೊಳ್ಳಲು ಕೂತರೆ ಮಕ್ಕಳು ಬೆಳಿಗ್ಗೆ ಹೇಳುವ ಪ್ರಾರ್ಥನೆಯೇ ಬರುತ್ತಿತ್ತು. ಹೊರಡುವ ಗಡಿಬಿಡಿಯಲ್ಲಿ ಪೇಮಾ, "ಗಿಟಾರ್ ಹಾಸ್ಟೆಲಿನದೇ, ಇಲ್ಲೇ ಇರುತ್ತೆ. ನೀವೇ ನುಡಿಸಿಕೊಳ್ಳಿ ಅಮಾಲಾ. ಮೇಲಿನ ಗೆರೆ ಮೊದಲನೇ ತಂತಿ, ಮರೀಬೇಡಿ" ಎಂದರು. ಮೊದಲನೇ ತಂತಿ ಯಾವುದು ಎಂದು ಕೇಳುವ ಅಗತ್ಯ ನನಗೆ ಕಾಣಲಿಲ್ಲ. ತಲೆಯಾಡಿಸಿದೆ.

ನಮ್ಮ ಕಡೆ ಹೊಗೆಸೊಪ್ಪಿನ ಬ್ಯಾರನ್ ಇಟ್ಟವರಿಗೆ ಮೊದಲನೆಯದು ಎಂದರೆ ಮೇಲಿನದು. ಬ್ಯಾರನ್ ಎಂದರೆ ಸೊಪ್ಪು ಹದ ಮಾಡುವ ಎತ್ತರದ ಮನೆ. ಅದರೊಳಗೆ ಅಂತಸ್ತು ಅಂತಸ್ತಾಗಿ ತೊಲೆಗಳು. ಕಡ್ಡಿಗಳನ್ನು ತೂಗುಹಾಕುವಾಗ ಎಲ್ಲಕ್ಕಿಂತ ಮೇಲಿನ ಅಂತಸ್ತನ್ನೇ ಮೊದಲು ತುಂಬಬೇಕು. ಕೆಳಗಿನದು ತುಂಬಿತೋ, ಮೇಲೆ ಹತ್ತಲು ದಾರಿಯೇ ಇರುವುದಿಲ್ಲ. ತಾತ ತೊಲೆಗಳ ಮೇಲೆ ಕಾಲಗಲಿಸಿ ನಿಲ್ಲುತ್ತಿದ್ದರು, ನಾನು ಕೆಳಗಿನಿಂದ ಕಡ್ಡಿ ಕೊಡುತ್ತಿದ್ದೆ. ಆ ಹಾಳೆ ನೋಡಿದರೂ ನನಗೆ ಬ್ಯಾರನ್ನೇ ಕಂಡಿತು. ಗಿಟಾರನ್ನು ಎದೆಗೆ ಆನಿಸಿ ಹಿಡಿದರೆ ಮೇಲಿರುವುದು ದಪ್ಪ ತಂತಿ. ಅದೇ ಮೊದಲನೆಯದು ಎಂದು ಹಿಡಿದೆ.

ರಜೆಯಲ್ಲಿ ಮಕ್ಕಳಿರಲಿಲ್ಲ. ಮಧ್ಯಾಹ್ನ ಹೊತ್ತು ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದೆ. ಬೆರಳ ತುದಿ ಕೆಂಪಾಗಿ, ಸಿಪ್ಪೆ ಎದ್ದು, ಆಮೇಲೆ ಗಟ್ಟಿಯಾಯಿತು. ಒಂದೊಂದೇ ಅಂಕಿ ಓದಿ ಒಂದೊಂದೇ ತಂತಿ ಮೀಟುತ್ತಿದ್ದೆ. ಕೊನೆಗೆ ತಡೆಯಿಲ್ಲದೆ ಓದಲು ಬಂತು. ಬಂದದ್ದು ಧಾಟಿಯಲ್ಲ.

"ಏನವ್ವ ಅದು, ಎಮ್ಮೆ ಕರ ಆಕ್ತಾ ಐತಾ?" ಎಂದು ಮೋಲಾ ಗೋಡೆಯಾಚೆಯಿಂದ ಕೂಗಿದರು.

ಪೇಮಾ ತಪ್ಪು ಬರೆದಿರಬೇಕು ಅಥವಾ ಆ ದಿನ ನಾನೇ ತಪ್ಪಾಗಿ ಹೌದು ಎಂದಿರಬೇಕು ಎಂದುಕೊಂಡೆ. ಮಂಜುಳಾ ನೋಡಲು ಬಂದಾಗ ಕೇಳಿದೆ. "ಕೇಳ್ದಂಗೈತೆ ಕಣವ್ವ, ಬಾಯಿಗೆ ಬರಕಿಲ್ಲ" ಎಂದಳು. ಹಬ್ಬಕ್ಕೆ ಊರಿಗೆ ಹೋದಾಗ ಮೈದುನನನ್ನು ಕೇಳಿದೆ.

"ಅಣ್ಣ ಆಡ್ತಿದ್ನಾ? ಅವ್ನಿಗೆ ದನ ಓಡ್ಸಾಕೇ ಗಂಟ್ಲಿರ್ನಿಲ್ಲ, ಬುಡತ್ತಿಗೆ" ಎಂದು ನಕ್ಕ.

ನಾನು ಎದ್ದು ಒಲೆಯ ಕಡೆ ಹೋದೆ. ಅವನ ಹೆಂಡತಿ ಅಡ್ಡ ಬಂದಳು. "ನೀನು ಕೂತ್ಕೊ ಅಕ್ಕ. ಕ್ಯಾಂಪಿನ ಅಡ್ಗೆಮನೇಲಿ ಏನೇನ್ ಮುಟ್ಟಿದ್ದೀಯೋ ಏನೋ."

ಕೂತುಕೊಂಡೆ. ಆ ಒಲೆಗೆ ಮಣ್ಣು ಮೆತ್ತಿದವಳು ನಾನೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲೆಗೆ ಹಾಕಿದ್ದನ್ನು ಉಂಡೆ. ಮಾರನೆಯ ದಿನ ಬಸ್ಸಿನಲ್ಲಿ ಯೋಚಿಸಿದೆ. ಆ ಧಾಟಿ ಇನ್ನು ಯಾರಲ್ಲೂ ಇಲ್ಲ. ಇದ್ದರೆ ಹಾಳೆಯಲ್ಲಿ ಇರಬೇಕು. ಹಾಳೆಯಲ್ಲಿ ಇಲ್ಲ. ಕ್ಯಾಂಪಿಗೆ ಬಂದು ಗಿಟಾರನ್ನು ಮೊಳೆಗೆ ತೂಗುಹಾಕಿ ಪಾತ್ರೆ ತೊಳೆಯಲು ಹೋದೆ.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಹಾಸ್ಟೆಲಿನ ಜಗುಲಿಯಲ್ಲಿ ಮೋಲಾ ಮತ್ತು ನಾನು ಅಕ್ಕಿ ಕೇರುತ್ತಿದ್ದೆವು. ಕೇರಿ ಮುಗಿದ ಮೇಲೆ ಗಿಟಾರಿನ ಧೂಳು ಒರೆಸೋಣ ಎಂದು ಇಳಿಸಿದೆ. ಕಾಲು ಚಾಚಿ ಕೂತಿದ್ದೆನಲ್ಲ, ಮೊರ ಇಟ್ಟುಕೊಂಡ ಹಾಗೇ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಒರೆಸಿದೆ. ತಂತಿಯಡಿ ಸಿಕ್ಕಿಸಿಟ್ಟಿದ್ದ ಹಾಳೆಯನ್ನು ತೆಗೆದು ಎದುರಿಗೆ ಇಟ್ಟೆ. ಹಾಳೆಯ ಆರು ಗೆರೆ, ಅದರ ಕೆಳಗೆ ತೊಡೆಯ ಮೇಲೆ ಆರು ತಂತಿ. ಎರಡೂ ಒಂದೇ ಕಡೆ ಮುಖ ಮಾಡಿದ್ದವು. ಹಾಳೆಯ ಮೇಲಿನ ಗೆರೆ ನನ್ನಿಂದ ದೂರ. ತಂತಿಗಳಲ್ಲಿ ನನ್ನಿಂದ ದೂರ ಇದ್ದದ್ದು ಸಣ್ಣ ತಂತಿ, ದಪ್ಪದ್ದಲ್ಲ.

ಆ ಸಣ್ಣದನ್ನೇ ಮೊದಲನೆಯದು ಎಂದುಕೊಂಡು ದೂರದಿಂದ ಎಣಿಸಿ ಒತ್ತಿದೆ. ಎರಡನೇ ಅಂಕಿ, ಮೂರನೇ ಅಂಕಿ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮುಂದಿನದು ಏನೆಂದು ಕೈಗೆ ಗೊತ್ತಿತ್ತು.

ಮೋಲಾ ಮೊರ ಕೆಳಗಿಟ್ಟರು. "ಯಾರ್ದವ್ವ ಇದು?"

"ನಮ್ಮೆಜಮಾನ್ರದು."

"ಇನ್ನೊಂದ್ಸಲ ನುಡ್ಸು."

ಇನ್ನೊಂದು ಸಲ ನುಡಿಸಿದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮೋಲಾ ಒಳಗೆ ಹೋಗಿ ಉಪ್ಪಿನ ಟೀ ತಂದರು. ಕುಡಿದೆ. ಮತ್ತೆ ತುಂಬಿಸಿದರು. ಅದನ್ನು ಹಾಗೇ ಬಿಟ್ಟು ಅಕ್ಕಿ ತೊಳೆಯಲು ಎದ್ದೆ.

ಹೋದ ಸಂಕ್ರಾಂತಿಗೆ ಗಿಟಾರ್ ಹೊತ್ತು ನಿಮ್ಮ ಮನೆಗೆ ಬಂದಿದ್ದೆನಲ್ಲ. ತೇಜು, ನೀನು "ಅಜ್ಜಿ ಗಿಟಾರಲ್ಲಿ ಅಕ್ಕಿ ಕೇರ್ತಾವ್ರೆ" ಎಂದು ಬಿದ್ದು ಬಿದ್ದು ನಕ್ಕೆ. ಯಾಕೆ ಮಲಗಿಸಿಕೊಂಡು ನುಡಿಸುತ್ತೀರಿ ಎಂದು ಚಂದನಾ ಕೇಳಿದಳು. ಎಲ್ಲರ ಮುಂದೆ ಹೇಳಲು ನನಗೆ ಮಾತು ಬರಲಿಲ್ಲ, ಅದಕ್ಕೇ ಇಷ್ಟು ಬರೆದೆ. ನಿಮ್ಮಮ್ಮ ಮಾತ್ರ ಅಡುಗೆಮನೆಯಿಂದ ಬಂದು ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿದಳು.

"ಅಪ್ಪಂದೇ ಕಣವ್ವ. ಆದ್ರೆ ಕೊನೇಲಿ ಇಂಗೆ ಮೇಲಕ್ಕೆ ಓಯ್ತಿರ್ನಿಲ್ಲ. ಕೆಳಕ್ಕೆ ಇಳ್ದು ನಿಂತ್ಕತಿತ್ತು."

"ಇಲ್ಲ ಕಣೆ, ಇಂಗೇ ಇತ್ತು" ಎಂದೆ.

ಹೇಳಿದೆನಷ್ಟೇ, ನನಗೆ ಗೊತ್ತಿಲ್ಲ. ಕೊನೆಯಲ್ಲಿ ಹಾಗೆ ಮೇಲಕ್ಕೆ ಎತ್ತಿ ಬಿಡುವುದು ಕ್ಯಾಂಪಿನ ಹಾಡುಗಳಲ್ಲಿ ಇದೆ, ಮೋಲಾ ಜಪಮಣಿ ಎಣಿಸುತ್ತಾ ಗುನುಗುವಾಗ ಕೇಳಿದ್ದೇನೆ. ಪೇಮಾ ಅವರ ಕೈ ತನಗೆ ಗೊತ್ತಿದ್ದ ಕಡೆಗೆ ಹೋಗಿರಬಹುದು. ಆ ದಿನ ಮೈದಾ ನಾದುವಾಗ ನಾನೇ ಹಾಗೆ ಗುನುಗಿರಲೂಬಹುದು, ಅಷ್ಟು ಹೊತ್ತಿಗೆ ನಾನೂ ಕ್ಯಾಂಪಿನಲ್ಲಿ ಒಂದು ಮಳೆಗಾಲ ಕಳೆದಿದ್ದೆ. ಇಳಿಸಿ ನುಡಿಸಿ ನೋಡಿದೆ. ನನ್ನ ಕಿವಿಗೆ ಅದು ಬೇರೆಯವರ ಮನೆಯದು ಎನಿಸಿತು. ಎತ್ತಿ ನುಡಿಸಿದರೆ ನಿಮ್ಮಮ್ಮನಿಗೆ ಹಾಗೆ ಎನಿಸುತ್ತದೆ.

ಊರಲ್ಲಿ ಈಗ ನನ್ನನ್ನು ಕ್ಯಾಂಪಿನ ಗೌರಮ್ಮ ಎನ್ನುತ್ತಾರೆ. ಕ್ಯಾಂಪಿನಲ್ಲಿ ಯಾರಾದರೂ ಹೊಸಬರು ಕೇಳಿದರೆ ಮೋಲಾ, "ಇವ್ಳು ಇಲ್ಲಿಯೋಳಲ್ಲ, ಹಾರನಳ್ಳಿ ಕಡೆಯೋಳು" ಎನ್ನುತ್ತಾರೆ. ಹೀಗೆ ಹೇಳುವ ಮೋಲಾ ಇಲ್ಲಿಗೆ ಬಂದಾಗ ಇಲ್ಲಿ ಆನೆಗಳಿದ್ದವು. ಯಾರು ಎಲ್ಲಿಯವರು ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ.

ಪೇಮಾ ಬರೆದ ಹಾಳೆಯನ್ನು ಇದರ ಹಿಂದೆ ಹೊಲಿದಿದ್ದೇನೆ. ನೀವು ಕಲಿತರೆ ಗಿಟಾರನ್ನು ಹೇಗೆ ಬೇಕಾದರೂ ಹಿಡಿಯಿರಿ, ಮೇಲಿನ ಗೆರೆ ಸಣ್ಣ ತಂತಿ ಎನ್ನುವುದೊಂದು ನೆನಪಿರಲಿ. ಕೊನೆಯ ಎರಡು ಅಂಕಿ ತಾತನದೋ ಪೇಮಾ ಅವರದೋ ನನ್ನದೋ ಹೇಳಲು ಯಾರೂ ಉಳಿದಿಲ್ಲ. ನಿಮ್ಮಮ್ಮ ತಿದ್ದಲು ಬಂದರೆ ಬೇಡ ಎನ್ನಿ. ಬೇಕಾದರೆ ಅವಳದನ್ನು ಕೆಳಗೆ ಬೇರೆ ಆರು ಗೆರೆ ಎಳೆದು ಬರೆದುಕೊಳ್ಳಲಿ, ಜಾಗ ಬಿಟ್ಟಿದ್ದೇನೆ. ಈ ಹಾಳೆಗಳನ್ನು ಇಲಿ, ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.