ಖಾಲಿ ಕುರ್ಚಿಯ ಮೈಕು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಅಂಥವರು ನಮ್ಮನೆ ಊಟಕ್ಕೆ ಬಂದರೆ, "ಫೋನಲ್ಲಿ ವೀಡಿಯೋ ತೆಗೀಬೇಕಿತ್ತು ಕಣ್ರೀ" ಅಂತ ಮುಖಕ್ಕೇ ಹೇಳಿ ನಗುತ್ತಿದ್ದೆ. ಈಗ ನಾನೇ ಒಂದು ಹೇಳಹೊರಟಿದ್ದೇನೆ. ನೀವೂ ನಗಿ, ಬೇಜಾರಿಲ್ಲ.

ಅಮೆರಿಕದಲ್ಲಿ, ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್ ಹತ್ತಿರದ ಒಂದು ಹೈಸ್ಕೂಲ್ ಆಡಿಟೋರಿಯಮ್ಮಿನಲ್ಲಿ ನಮ್ಮ ಕನ್ನಡ ಸಂಘದ ದೀಪಾವಳಿ. ಕೋವಿಡ್ ಗಲಾಟೆ ಮುಗಿದು ಎರಡನೇ ವರ್ಷ ಇರಬೇಕು. ಸೌಂಡ್ ನೋಡಿಕೊಳ್ಳುವವನು ನಾನೇ. ಬೇರೆ ಯಾರಿಗೂ ಆ ಸೌಂಡ್ ಬೋರ್ಡಿನ ತಲೆಬುಡ ಗೊತ್ತಿಲ್ಲ. ನಮ್ಮ ಕಾರ್ಯಕ್ರಮ ಅಂದರೆ ಗೊತ್ತಲ್ಲ, ಪ್ರಾಯೋಜಕರ ಭಾಷಣ ಮುಕ್ಕಾಲು ಗಂಟೆ, ಶಾಲು ಹೊದಿಸುವುದು ಅರ್ಧ ಗಂಟೆ, ಕಲಾವಿದರಿಗೆ ಮಿಕ್ಕಿದ್ದು. ಆ ಸಲ ಅಧ್ಯಕ್ಷರಿಗೆ ಒಬ್ಬ ಲೋಕಲ್ ಕಲಾವಿದನೂ ಬೇಕು ಅನ್ನುವ ಹುಕಿ ಬಂದಿತ್ತು. ಫೋಟೋಗೆ ಚೆನ್ನಾಗಿರುತ್ತದಲ್ಲ! ಊಟಕ್ಕೆ ಮುಂಚಿನ ಹತ್ತು ನಿಮಿಷ ಬ್ಲೂಸ್ ಸಂಗೀತ ಬಾರಿಸುವ ಅರ್ನೆಸ್ಟ್ ಎಂಬ ಕುರುಡ ಗಿಟಾರಿಸ್ಟಿಗೆ ಸಿಕ್ಕಿತು.

ಎಂಬತ್ತರ ಹತ್ತಿರದ ಮುದುಕ. ಕ್ಯಾರೊಲಿನಾದಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಕಣ್ಣು ಕಳೆದುಕೊಂಡು, ತಂಬಾಕು ಗೋದಾಮುಗಳ ಬಾಗಿಲಲ್ಲಿ ಬಾರಿಸುತ್ತಾ ಕಲಿತವನು. ಆಮೇಲೆ ಅಟ್ಲಾಂಟಾದ ಬೀದಿಗಳು, ಕ್ಲಬ್ಬುಗಳು, ಎರಡು ರೆಕಾರ್ಡು, ಒಂದು ಸಲ ಯೂರೋಪು. ಹೆಂಡತಿ ಡೆಲೋರಿಸ್ ಪಕ್ಕದಲ್ಲಿ ಕೂತು, ಪ್ಲೈವುಡ್ ಹಲಗೆ ಮೇಲೆ ಹಿಮ್ಮಡಿ ಕುಟ್ಟುತ್ತಾ ನಲವತ್ತು ವರ್ಷ ತಾಳ ಹಾಕಿದ್ದಳಂತೆ. ಅವಳು ಕೋವಿಡ್‌ನಲ್ಲಿ ಹೋದಳು. ಸಕ್ಕರೆ ಕಾಯಿಲೆಯಿಂದ ಅವನ ಎರಡೂ ಪಾದ ತೆಗೆದಿದ್ದರು, ತನ್ನ ತಾಳ ತಾನೇ ಹಾಕಿಕೊಳ್ಳುವ ಹಾಗೂ ಇಲ್ಲ. ಗಾಲಿಕುರ್ಚಿ ತಳ್ಳಿಕೊಂಡು ಬಂದ ಅವನ ಮಗಳು ನನಗೆ ಹೇಳಿದಳು: ಅಮ್ಮ ಹೋದಮೇಲೆ ಅಪ್ಪ ಸ್ಟೇಜ್ ಹತ್ತಿಲ್ಲ, ಇವತ್ತೂ ಕೈಗೆ ಬರದಿದ್ದರೆ ಇನ್ನು ಗಿಟಾರ್ ಮುಟ್ಟುವುದಿಲ್ಲವಂತೆ.

ಅವನ ಬೇಡಿಕೆ ಒಂದೇ: ಪಕ್ಕದಲ್ಲಿ ಖಾಲಿ ಕುರ್ಚಿ, ಅದರ ಮುಂದೆ ಹಲಗೆ, ಹಲಗೆಗೊಂದು ಮೈಕು. ಎಂಥಾ ಬೊಗಳೆ ಅನ್ನಿಸಿತು. ಕುರ್ಚಿ ಹಾಕಿದೆ, ಹಲಗೆ ಇಟ್ಟೆ, ಮೈಕನ್ನೂ ಇಟ್ಟೆ; ಅದರ ವೈರನ್ನು ಮಾತ್ರ ಎಲ್ಲಿಗೂ ಸಿಕ್ಕಿಸಲಿಲ್ಲ. "ಎಲ್ಲಾ ರೆಡಿ ಸರ್" ಅಂದೆ. ಕಣ್ಣಿಲ್ಲದವನ ಕಿವಿಗೆ ಹೂವಿಟ್ಟು, ಬೋರ್ಡಿನ ಹಿಂದೆ ಕೂತು ಒಳಗೊಳಗೇ ನಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಶುರು ಮಾಡಿದ. ತಾಳ ತಪ್ಪಿತು. ಮತ್ತೆ ಶುರು ಮಾಡಿದ, ಮತ್ತೆ ತಪ್ಪಿತು. ಜನ ಎದ್ದು ಬಿಸಿಬೇಳೆಬಾತಿನ ಕ್ಯೂ ಕಡೆ ಹೊರಟರು. ಅಧ್ಯಕ್ಷರು ನನ್ನ ಹತ್ತಿರ ಬಂದು, "ವೈಂಡ್ ಅಪ್ ಮಾಡ್ಸಪ್ಪಾ, ಊಟ ಆರೋಗ್ತಿದೆ" ಅಂದರು. ಅಷ್ಟರಲ್ಲಿ ಮುದುಕ ಬೆರಳು ನಿಲ್ಲಿಸಿ, ನಾನು ಕೂತ ದಿಕ್ಕಿಗೇ ಮುಖ ತಿರುಗಿಸಿ, "ಅವಳ ಮೈಕು ಆನ್ ಮಾಡಪ್ಪಾ" ಅಂದ.

ಮೈಕು ಸತ್ತಿದ್ದು ಸ್ಪೀಕರಿನ ಸದ್ದಿನಲ್ಲೇ ತಿಳಿದಿರಬಹುದು, ಪಳಗಿದ ಕಿವಿ. ನಾಚಿಕೆಯಾಗಿ ಓಡಿಹೋಗಿ ವೈರ್ ಸಿಕ್ಕಿಸಿ ಬಂದೆ. ಬೋರ್ಡಿನಲ್ಲಿ ಆ ಚಾನೆಲ್ಲಿನ ಹಸಿರು ದೀಪ ಹತ್ತಿತು, ಆರಿತು, ಹತ್ತಿತು. ಟಕ್. ಟಕ್. ಅವನು ಇನ್ನೂ ತಂತಿ ಮುಟ್ಟಿರಲಿಲ್ಲ. ಹಲಗೆ ಮೇಲೆ ಹಿಮ್ಮಡಿ ಬೀಳುವ ಸದ್ದು ಇಡೀ ಹಾಲಿಗೆ ಕೇಳುತ್ತಿತ್ತು, ಕುರ್ಚಿಯಲ್ಲಿ ಯಾರೂ ಇಲ್ಲ ರೀ! ಆಮೇಲೆ ಗಿಟಾರು ಆ ತಾಳಕ್ಕೆ ಸೇರಿಕೊಂಡು ನುಡಿದದ್ದು ಕೇಳಿ, ಕ್ಯೂನಲ್ಲಿದ್ದವರು ತಟ್ಟೆ ಹಿಡಿದೇ ವಾಪಸ್ ಬಂದರು.

"ತಾಳದ ಟ್ರ್ಯಾಕ್ ಸಖತ್ತಾಗಿ ಹಾಕ್ದೆ ಕಣಯ್ಯಾ" ಎಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿ, ಸ್ಟೇಜಿಗೆ ಹೋಗಿ ಶಾಲು ಹೊದಿಸಿ, ಕುರುಡನ ಕೈಗೆ ಅಕ್ಷರ ಕೆತ್ತಿದ ಫಲಕ ಕೊಟ್ಟರು. ಥೂ, ನಮ್ಮ ಜನವೇ!

ನಾನು ವೈರು ಸುತ್ತುತ್ತಿದ್ದಾಗ ಅರ್ನೆಸ್ಟ್ ನನ್ನ ಮಣಿಕಟ್ಟು ಹಿಡಿದ. "ಮೊದಲು ಮೈಕು ಸತ್ತಿತ್ತು. ಆದರೂ ರೆಡಿ ಅಂದೆ. ಈಗ ನಿಜ ಹೇಳು, ಆ ತಾಳ ನೀನು ಹಾಕಿದ ರೆಕಾರ್ಡಾ?"

"ಅಲ್ಲ ಸರ್, ದೇವರಾಣೆ ಅಲ್ಲ" ಅಂದೆ. ದೇವರನ್ನೇ ನಂಬದ ನಾನು!

ಅವನು ನನ್ನ ಕೈ ಬಿಟ್ಟ. "ಒಳ್ಳೇ ರೆಕಾರ್ಡು" ಅಂತ ಹೇಳಿ, ಕಾರ್ ತರಲು ಮಗಳನ್ನು ಕಳಿಸಿದ.

ಬೋರ್ಡು, ವೈರು, ಸ್ಟೇಜಿನ ಅಡಿ, ಎಲ್ಲ ಜಾಲಾಡಿದೆ. ಏನೂ ಸಿಗಲಿಲ್ಲ, ಇವತ್ತಿಗೂ ಅರ್ಥವಾಗಿಲ್ಲ. ಅವನು ಮತ್ತೆ ಗಿಟಾರ್ ಮುಟ್ಟಲಿಲ್ಲವೆಂದು ಆಮೇಲೆ ಮಗಳು ಮೆಸೇಜ್ ಮಾಡಿದಳು. ಅವತ್ತು ಡೆಲೋರಿಸ್ ಬಂದದ್ದು ನಿಜವೇ ಆಗಿದ್ದರೆ, ಅದನ್ನು ನಂಬಲು ಕಾಯುತ್ತಿದ್ದ ಒಬ್ಬನೇ ಒಬ್ಬನನ್ನು, "ಎಲ್ಲಾ ರೆಡಿ" ಅನ್ನುವ ಆ ಒಂದು ಸುಳ್ಳಿನಿಂದ, ನಂಬದ ಹಾಗೆ ಮಾಡಿದವನು ನಾನು.